ಕುದಿಸಿದ ಬಾಟಲಿಗಳು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹಾವೇರಿ ಠಾಣೆಗೆ ದೂರು ಬಂತು. ಕೊಟ್ಟವರು ಜಾನುವಾರು ರೋಗ ಪ್ರಯೋಗಾಲಯದ ವಿಜ್ಞಾನಿ ಡಾ. ಸುಶ್ಮಿತಾ. ಫ್ರೀಜರಿನಲ್ಲಿದ್ದ ವೈರಸ್ ಬಾಟಲಿಗಳನ್ನು ಯಾರೋ ತೆಗೆದು ಕುದಿಸಿ ಹಾಳುಮಾಡಿದ್ದರು. ಪಿಎಸ್‌ಐ ವಿಜಯಮಹಾಂತೇಶ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಇಸಾಕಸಾಬನನ್ನು ಕರೆದುಕೊಂಡು ಸ್ಥಳಕ್ಕೆ ಹೋದ.

ಪಂಚರ ಎದುರು ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಕುಕ್ಕರಿನಂಥ ದೊಡ್ಡ ಯಂತ್ರದೊಳಗೆ ಬಾಟಲಿಗಳು ಸಾಲಾಗಿ ಕೂತಿದ್ದವು.

"ಕದ್ದೂ ಒಯ್ದಿಲ್ಲ, ಕುದಿಸಿಟ್ಟು ಹೋಗ್ಯಾನ. ಇಂಥ ಕಳ್ಳನ್ನ ನಾ ನೋಡಿಲ್ರಿ ಸಾಹೇಬ್ರ," ಎಂದ ಇಸಾಕಸಾಬ.

ಸುಶ್ಮಿತಾಗೆ ನಗು ಬರಲಿಲ್ಲ. ಆಕಳುಗಳನ್ನು ಕೊಲ್ಲುವ ಚರ್ಮಗಂಟು ರೋಗದ ವೈರಸ್ಸಿನಲ್ಲಿ ಒಂದು ಕಿಣ್ವದ ಜೀನ್ ಇದೆ; ಅದರ ಬಲದಿಂದಲೇ ರೋಗ ದನದ ಮೈತುಂಬ ಹಬ್ಬುತ್ತದೆ. ವರ್ಷಗಟ್ಟಲೆ ಹುಡುಕಿ ಅವರು ಆ ಜೀನನ್ನು ಗುರುತಿಸಿದ್ದರು. ಅದನ್ನು ಕಿತ್ತುಹಾಕಿದ ವೈರಸ್ಸನ್ನೂ ಬೆಳೆಸಿದ್ದರು. ಅದು ಕೊಲ್ಲುವುದಿಲ್ಲ, ಅದರಿಂದಲೇ ಲಸಿಕೆ ಆಗಬೇಕಿತ್ತು. ಈಗ ಅದೂ ಹೋಗಿತ್ತು. ಬ್ಯಾಡಗಿ, ಕಾಗಿನೆಲೆಗಳಿಂದ ತಂದ ವೈರಸ್ಸಿನ ಬಾಟಲಿಗಳನ್ನು ಯಾರೂ ಮುಟ್ಟಿರಲಿಲ್ಲ. ಕುದಿಸಿದ್ದೆಲ್ಲ ಒಂದೇ ಆಕಳ ಗಂಟಿನಿಂದ ಬೆಳೆಸಿದ್ದು.

"ಆಕಳ ಯಾರದು?" ಎಂದು ವಿಜಯಮಹಾಂತೇಶ ಕೇಳಿದ.

"ಐರಣಿ ಹೇಮಪ್ಪಂದು. ಇಲ್ಲೇ ಬಾಟ್ಲಿ ತೊಳ್ಯಾಂವ. ಅದು ಸತ್ತ ಮ್ಯಾಲೆ ತಾನೇ ಗಂಟು ತಂದುಕೊಟ್ಟಿದ್ದ."

ಬೀಗದ ಕೈ ಇರುತ್ತಿದ್ದುದು ಅವನ ಬಳಿಯೇ. ಇವತ್ತು ಕೆಲಸಕ್ಕೆ ಬಂದಿರಲಿಲ್ಲ.

"ಬಾಟ್ಲ್ಯಾಗ ಏನೈತಿ ಅಂತ ಅವಗ ಹೇಳಿದ್ರೇನ್ರಿ ಮೇಡಂ?"

"ನಿನ್ನ ಆಕಳ ವೈರಸ್ ಚಲೋ ಬೆಳ್ಯಾಕತ್ತೇತಿ ಅಂತ ಹೋದ ತಿಂಗಳ ಅಂದಿದ್ದೆ. ಅಷ್ಟ."

ಲಸಿಕೆಯ ಮಾತನ್ನೇ ಹೇಳಿಲ್ಲವಲ್ಲ ಎಂದು ವಿಜಯಮಹಾಂತೇಶನಿಗೆ ಮೈ ಉರಿಯಿತು. ಜೀಪು ಹತ್ತಿದ.

ಐರಣಿಯಲ್ಲಿ ಹೇಮಪ್ಪ ಬರಿದಾದ ಗೋದಲಿಯ ಪಕ್ಕ ಕೂತಿದ್ದ. ಓಡಲಿಲ್ಲ.

"ಕುದಿಸಿದಾಂವ ನೀನೇನು?"

"ಹೌದ್ರಿ."

"ಯಾಕ?"

ಆಕಳು ಗೌರಿ ಸಾಯುವಾಗ ಹೆಂಡತಿ ನೀಲಾ ಬೇವು, ಅರಿಸಿಣ ಅರೆದು ಹಚ್ಚುತ್ತ ಹಟ್ಟಿಯಲ್ಲೇ ಮಲಗಿದ್ದಳಂತೆ. ಡಾಕ್ಟರಮ್ಮ ಅಂದ ಮಾತನ್ನು ಅವನು ಉಣ್ಣುವ ಹೊತ್ತಿನಲ್ಲಿ ಅವಳಿಗೆ ಹೇಳಿದ.

"'ನನ್ನ ಗೌರೀನ್ನ ತಿಂದದ್ದನ್ನ ಪಗಾರ ತೊಗೊಂಡು ಸಾಕಾಕತ್ತೀರಿ' ಅಂದ್ಲ್ರಿ. ಆವತ್ತಿನಿಂದ ನನ್ನ ಜೋಡಿ ಮಾತಿಲ್ಲ."

ಒಂದು ಬಾಟಲಿಯಲ್ಲಿ ಕೊಲ್ಲುವುದಲ್ಲ, ಕಾಪಾಡುವುದು ಇತ್ತು ಎಂದು ವಿಜಯಮಹಾಂತೇಶ ಬಿಡಿಸಿ ಹೇಳಿದ.

"ನನಗ ಯಾರೂ ಹೇಳಲಿಲ್ರಿ," ಎಂದ ಹೇಮಪ್ಪ. ಆಮೇಲೆ, "ಆಕೀಗೆ ಇದನ್ನ ಹೇಳಬ್ಯಾಡ್ರಿ ಸಾಹೇಬ್ರ."

ಬಂಧನದ ಕಾಗದಕ್ಕೆ ಸಹಿ ಆಯಿತು. ಜೀಪಿನ ಬಳಿ ನೀಲಾ ರೊಟ್ಟಿ ಕಟ್ಟಿಕೊಂಡು ಬಂದಳು.

"ಗೌರೀನ್ನ ತಿಂದದ್ದು ಖರೇನ ಸತ್ತೈತೇನ್ರಿ?"

"ಸತ್ತೈತಿ ತಂಗಿ," ಎಂದ ವಿಜಯಮಹಾಂತೇಶ.

ಅವಳು ಗಂಡನ ಕೈಯಲ್ಲಿ ರೊಟ್ಟಿ ಇಟ್ಟಳು. "ಉಂಡ ಹೋಗ್ರಿ," ಎಂದಳು.

ಹೇಮಪ್ಪ ರೊಟ್ಟಿ ಮುರಿದ. ಅವಳು ನೋಡುತ್ತಿದ್ದಳೆಂದು ಒಂದು ತುತ್ತು ಬಾಯಿಗಿಟ್ಟ.