ಬಾನೆಟ್ ಮೇಲಿನ ಹಕ್ಕಿ

"ಹಕ್ಕಿ ಇಲ್ಲ," ಎಂದಳು ಲೋರ್ನಾ. ಆಗಷ್ಟೇ ಬಾನೆಟ್ ಮುಚ್ಚಿದ ಅವಳ ಕೈ ಇನ್ನೂ ಅದರ ಮೇಲೇ ಇತ್ತು.

ಅದು ತೀರಿಕೊಂಡ ಗಂಡ ವಾಲ್ಟ್‌ನ ಹಸಿರು ಕಾರು, ೧೯೫೨ರದ್ದು. ಮೂತಿಯ ಮೇಲೆ ರೆಕ್ಕೆ ಬಿಚ್ಚಿ ಕೂತಿರುತ್ತಿದ್ದ ಕ್ರೋಮಿನ ಹಕ್ಕಿಯ ಜಾಗದಲ್ಲಿ ಎರಡು ತೂತು ಮಾತ್ರ ಉಳಿದಿದ್ದವು. ಮರುದಿನ ಬೆಳಿಗ್ಗೆ ಕೊಲಂಬಸ್ ನಗರದವನೊಬ್ಬ ಕಾರು ಕೊಳ್ಳಲು ಬರುವವನಿದ್ದ. ಕೊನೆಯ ಸಲ ಎಂದು ಅಳಿಯನ ಕೈಲಿ ಓಡಿಸಿಕೊಂಡು ಬ್ರಾಡ್ರಿಕ್ ಊರಿನ ಶುಕ್ರವಾರದ ಹಳೇ ಕಾರುಗಳ ಕೂಟಕ್ಕೆ ತಂದಿದ್ದಳು.

"ಹಕ್ಕಿ ಇಲ್ದೆ ಅವನು ತಗೊಳ್ಳಲ್ಲ. ಇನ್ನು ಇದು ಗ್ಯಾರೇಜಲ್ಲೇ ತುಕ್ಕು ಹಿಡಿಯುತ್ತೆ," ಎಂದು ಕಣ್ಣೊರೆಸಿಕೊಂಡಳು.

ಎಲ್ಲರ ಕಣ್ಣೂ ಡ್ವೈಟ್ ಕಡೆ ತಿರುಗಿತು. ಸೊಂಟಕ್ಕೆ ಅಂಗೈಯಗಲದ ಬಕಲ್ಲಿನ ಬೆಲ್ಟು ಕಟ್ಟಿದ ಹೊಸಬ ಅವನು, ತನ್ನ ಕಾರಿಗೂ ಅಂಥದೇ ಹಕ್ಕಿ ಬೇಕೆಂದು ಎರಡು ವಾರದಿಂದ ಕಂಡಕಂಡವರನ್ನೆಲ್ಲ ಕೇಳುತ್ತಿದ್ದ.

"ಕೇಳಿದ್ದು ಹೌದು, ಕದ್ದಿಲ್ಲ," ಎಂದ ಡ್ವೈಟ್. ಅವನ ಕಿವಿ ಕೆಂಪಾಗಿತ್ತು.

ಕೂಟಕ್ಕೆ ಹಾಡು ಹಾಕುವ ಮರ್ಲ್ ಮೈಕು ಅಲ್ಲೇ ಬಿಟ್ಟು ಥೆಲ್ಮಾಳ ಹತ್ತಿರ ಓಡಿದ. ಮೂವತ್ತು ವರ್ಷ ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡಿದವಳು ಅವಳು. ಕೂಟ ಸೇರುವ ಆ ಬಯಲಿನ ತಂಟೆತಕರಾರೆಲ್ಲ ಅವಳ ಮಡಿಚುವ ಕುರ್ಚಿಯ ಮುಂದೆಯೇ ತೀರ್ಮಾನವಾಗುತ್ತಿತ್ತು. ಮರ್ಲ್‌ಗೆ ಅವಳ ಮೇಲೆ ದೇವರಷ್ಟೇ ನಂಬಿಕೆ.

"ಕಡುಬು ತಿನ್ನೋಕಾದ್ರೂ ಬಿಡಿ," ಎಂದು ಗೊಣಗುತ್ತ ಥೆಲ್ಮಾ ಎದ್ದು ಲೋರ್ನಾಳ ಹತ್ತಿರ ಬಂದಳು. "ಬಾನೆಟ್ ಯಾವಾಗ ಎತ್ತಿದ್ದೆ?"

"ನಾಲ್ಕಕ್ಕೆ, ಬಂದ ಕೂಡ್ಲೆ. ಆಗ ಹಕ್ಕಿ ಇತ್ತು. ಮುಚ್ಚಿದ್ದು ಈಗಲೇ."

ಥೆಲ್ಮಾ ಬಾನೆಟ್ ಮತ್ತೆ ಎತ್ತಿಸಿದಳು. ಬ್ಯಾಟರಿಯ ಪಕ್ಕ ಎರಡು ನಟ್ಟುಗಳು ಜೋಡಿಯಾಗಿ ಕೂತಿದ್ದವು. ಮಡ್‌ಗಾರ್ಡ್ ಮೇಲೆಲ್ಲ ಜೋಳದ ಹೊಲದ ಧೂಳು. ಒಂದು ಚೌಕದಷ್ಟು ಜಾಗ ಮಾತ್ರ ಶುಭ್ರ. ಆಮೇಲೆ ಅವಳು ಕೈ ಹಿಂದೆ ಕಟ್ಟಿಕೊಂಡು ಕಾರುಗಳ ಸಾಲಿನುದ್ದಕ್ಕೂ ನಡೆದಳು. ಹಿಂದೆಯೇ ಹೋದ ಮರ್ಲ್‌ಗೆ ವಿಶೇಷವೇನೂ ಕಾಣಲಿಲ್ಲ. ಹಸಿರು ಕಾರಿನ ಪಕ್ಕದಲ್ಲಿದ್ದ ಆರ್ವಿಲ್‌ನ ನೀಲಿ ಕಾರಿಗೆ ಧೂಳು ಮೆತ್ತಿತ್ತು, ಅಷ್ಟೆ. ಮುದುಕನಿಗೆ ಸೋಮಾರಿತನ ಬಂತು ಅಂದುಕೊಂಡ.

"ಎಲ್ಲರನ್ನೂ ಕರಿ," ಎಂದಳು ಥೆಲ್ಮಾ.

ಜನ ಹಸಿರು ಕಾರಿನ ಸುತ್ತ ನೆರೆದರು.

"ಬಾನೆಟ್ ಎತ್ತಿದ್ರೆ ಹಕ್ಕಿ ಗಾಜಿನ ಕಡೆ ತಿರುಗುತ್ತೆ. ಮುಂದೆ ನಿಂತವರಿಗೆ ಅದು ಇದ್ಯೋ ಇಲ್ವೋ ಗೊತ್ತಾಗಲ್ಲ. ನಟ್ಟು ಇರೋದು ಒಳಗಡೆ. ಅಂದ್ರೆ ಯಾರೋ ಒಳಗೆ ಬಗ್ಗಿ ಬಿಚ್ಚಿದಾರೆ. ಇಲ್ಲಿ ಒಬ್ಬರ ಕಾರು ಇನ್ನೊಬ್ಬರು ಮುಟ್ಟಂಗಿಲ್ಲ. ಡ್ವೈಟ್ ಆ ಬೆಲ್ಟಿನ ಬಕಲ್ ಹಾಕ್ಕೊಂಡು ಬಗ್ಗಿದ್ರೆ, ಬಣ್ಣ ಗೀಚುತ್ತೆ ಅಂತ ಇಡೀ ಸಾಲೇ ಬಾಯಿ ಮಾಡ್ತಿತ್ತು. ಯಾರೂ ಬಾಯಿ ಬಿಟ್ಟಿಲ್ಲ. ಯಾಕಂದ್ರೆ ಬಗ್ಗಿದವನು ವಾಲ್ಟ್ ಇದ್ದಾಗಿಂದ ಪ್ರತಿ ಶುಕ್ರವಾರ ಬಗ್ಗಿದವನೇ."

ಥೆಲ್ಮಾ ಮಡ್‌ಗಾರ್ಡ್ ಮೇಲಿನ ಶುಭ್ರ ಚೌಕಕ್ಕೆ ಬೆರಳು ತೋರಿಸಿದಳು.

"ಅವನಿಗೆ ಈ ಕಾರಿನ ಮೇಲೆ ಜೀವ. ಗೀರು ಬೀಳದ ಹಾಗೆ ಬಟ್ಟೆ ಹಾಸಿ ಬಗ್ಗಿದ, ಅದಕ್ಕೇ ಆ ಚೌಕ. ನಟ್ಟು ಕಳೀಬಾರ್ದು ಅಂತ ಎತ್ತಿಟ್ಟ. ಆ ಬಟ್ಟೇಲೇ ಹಕ್ಕಿ ಸುತ್ತಿದ. ದಿನಕ್ಕೆ ಹತ್ತು ಸಲ ಕಾರು ಒರೆಸೋನು ಇವತ್ತು ಧೂಳಲ್ಲಿ ಬಿಟ್ಟಿದಾನೆ, ಒರೆಸೋಕೆ ಬಟ್ಟೆ ಇಲ್ಲ. ಆರ್ವಿಲ್, ತೆಗಿ."

ಆರ್ವಿಲ್ ತನ್ನ ಕುರ್ಚಿಯ ಕೆಳಗಿದ್ದ ಪೆಟ್ಟಿಗೆಯಿಂದ ಬಟ್ಟೆಯ ಗಂಟು ತೆಗೆದ.

"ಇಪ್ಪತ್ತು ವರ್ಷ ನನ್ನ ಕಾರು ಇದರ ಪಕ್ಕದಲ್ಲೇ ನಿಲ್ಲಿಸಿದ್ದೀನಿ. ಹಕ್ಕಿ ಇಲ್ದಿದ್ರೆ ವ್ಯಾಪಾರ ಮುರಿಯುತ್ತೆ ಅಂದ್ಕೊಂಡೆ. ಡ್ವೈಟ್, ನಿನ್ನ ಮೇಲೆ ಬರುತ್ತೆ ಅಂತ ಹೊಳೀಲಿಲ್ಲ. ತಪ್ಪಾಯ್ತು. ಲೋರ್ನಾ, ನಿನಗೆ ಈ ಕಾರು ಬೇಡವಾಗಿತ್ತಲ್ಲ."

"ಬೇಡ ಅಂತ ಯಾರು ಹೇಳಿದ್ರು?" ಲೋರ್ನಾಳ ದನಿ ಏರಿತು. "ನನಗೆ ಈ ಗೇರು ಹಾಕೋಕೆ ಬರಲ್ಲ ಕಣೋ. ವಾಲ್ಟ್ ಕಲಿಸ್ಲೇ ಇಲ್ಲ. ಕದಿಯೋ ಧೈರ್ಯ ಇತ್ತು ನಿನಗೆ, ಕಲಿಸ್ತೀನಿ ಅನ್ನೋಕೆ ಇರ್ಲಿಲ್ವಾ?"

ಆರ್ವಿಲ್ ಸ್ಟೀರಿಂಗ್ ಕಡೆಯ ಬಾಗಿಲು ತೆರೆದು, ಹತ್ತು ಎಂದು ಲೋರ್ನಾಗೆ ಸನ್ನೆ ಮಾಡಿದ. ಅಷ್ಟು ಹೊತ್ತಿಗೆ ಡ್ವೈಟ್ ಹಕ್ಕಿಯನ್ನು ಕೂರಿಸಿ ಒಳಗಿನಿಂದ ನಟ್ಟು ಬಿಗಿಯುತ್ತಿದ್ದ, ಬಕಲ್ ಬಿಚ್ಚಿಟ್ಟು. ಮರ್ಲ್ ಮೈಕು ಹಿಡಿದು ಎಲ್ಲರೂ ಕುರ್ಚಿ ಎತ್ತಿಕೊಂಡು ದೂರ ಸರಿಯಬೇಕೆಂದು ಕೂಗಿದ.

ಎರಡು ಸಲ ಎಂಜಿನ್ ನಿಂತಿತು. ಮೂರನೇ ಸಲ ಹಸಿರು ಕಾರು ಕುಪ್ಪಳಿಸುತ್ತ ಹೊರಟು, ಬಯಲನ್ನು ಒಂದು ಸುತ್ತು ಹಾಕಿ ಬಂತು. ಪಕ್ಕದಲ್ಲಿ ಕೂತಿದ್ದ ಆರ್ವಿಲ್‌ನ ಮುಖ ಬಿಳಿಚಿತ್ತು. ಲೋರ್ನಾ ಇಳಿಯಲೇ ಇಲ್ಲ. ಕಿಟಕಿಯಿಂದ ಕೈ ಚಾಚಿ ಮರ್ಲ್‌ನ ಫೋನು ಇಸಕೊಂಡು ಕೊಲಂಬಸ್‌ಗೆ ಕರೆ ಮಾಡಿದಳು.

"ಬೆಳಿಗ್ಗೆ ಬರ್ಬೇಡಿ," ಎಂದಳು. "ಕಾರಿಗೆ ಡ್ರೈವರ್ ಸಿಕ್ಕಿದಾಳೆ."