ತಪ್ಪು ಮಾಡಿದವನೇ ಮೊದಲು ಎದ್ದು ಹೇಳಬೇಕು

“ನನ್ನ ಮಗನ ಹೆಸರು ನಿನ್ನ ಬಾಯಿಂದ ಬಂತೋ, ಈ ಮನೆ ಹೊಸ್ತಿಲು ಮತ್ತೆ ತುಳೀಬೇಡ!”

ಅತ್ತೆಯ ಕೂಗಿಗೆ, ಚಪ್ಪಲಿ ಮೆಟ್ಟುತ್ತಿದ್ದ ಸೊಸೆ ಹಾಗೇ ನಿಂತುಬಿಟ್ಟಳು. ಆಸ್ಪತ್ರೆಗಳ ಕಂಪ್ಯೂಟರ್ ವ್ಯವಸ್ಥೆ ಕೆಡದಂತೆ ಕಾಯುವ ತಂಡಕ್ಕೆ ಅವಳು ಮೇಲ್ವಿಚಾರಕಿ. ಕೆಲಸವಿಲ್ಲದೆ ಅಲೆಯುತ್ತಿದ್ದ ಮೈದುನನನ್ನು, ಅತ್ತೆಯ ಕಾಟ ತಾಳಲಾರದೆ, ಕಚೇರಿಗೆ ಸಂಬಂಧ ತಿಳಿಸದೆಯೇ ತಂಡಕ್ಕೆ ಸೇರಿಸಿಕೊಂಡಿದ್ದಳು. ನಿನ್ನೆ ಆ ಮಹಾಶಯ ಪ್ರಯೋಗದ ಸರ್ವರ್ ಎಂದುಕೊಂಡು ನಿಜವಾದ ಸರ್ವರನ್ನೇ ಅಳಿಸಿ ಕೂತಿದ್ದ! ಮಧ್ಯಾಹ್ನದವರೆಗೆ ಆಸ್ಪತ್ರೆಯಲ್ಲಿ ಚೀಟಿ ಸಿಗದೆ, ಜ್ವರದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡ ತಾಯಂದಿರು ಸಾಲಿನಲ್ಲೇ ನಿಂತಿದ್ದರು. ಅವಳೂ ಅವಳ ತಂಡವೂ ಹೇಗೋ ಒದ್ದಾಡಿ ಸರಿಪಡಿಸಿದ್ದಾಯಿತು. ಹೀಗೇಕಾಯಿತೆಂದು ವಿಚಾರಿಸುವ ಸಭೆ ಇವತ್ತು. ಅವಳನ್ನು ವಿಭಾಗದ ಮುಖ್ಯಸ್ಥೆ ಮಾಡುವ ಮಾತೂ ಇವತ್ತೇ...

“ನಿಮ್ಮ ತಂಡದ ಆ ಹೊಸ ಹುಡುಗಿ ಪಕ್ಕದಲ್ಲೇ ಇದ್ದಳಂತಲ್ಲ, ಅವಳ ತಲೆಗೆ ಕಟ್ಟು. ನಿನಗೂ ಬಡ್ತಿ, ಇವನಿಗೂ ಕೆಲಸ. ಯಾರಿಗೇನು ನಷ್ಟ?”

“ಅವಳಿಗೆ, ಅತ್ತೆ! ಅವಳೂ ಒಬ್ಬ ತಾಯಿ ಮಗಳಲ್ವಾ?”

ಅವಳ ತಂಡದಲ್ಲೊಂದು ಕಟ್ಟಳೆಯಿತ್ತು. ತಪ್ಪು ಮಾಡಿದವನೇ ಎಲ್ಲರಿಗಿಂತ ಮೊದಲು ಎದ್ದು ಹೇಳಬೇಕು; ಹೇಳಿದವನನ್ನು ಯಾರೂ ಬೈಯಬಾರದು; ಮುಚ್ಚಿಟ್ಟವರು ಮಾತ್ರ ತಮ್ಮ ಜಾಗ ಬಿಡಬೇಕು. ಆ ಕಟ್ಟಳೆ ಮಾಡಿದವಳು ಅವಳೇ. ಹಾಗೆ ನೋಡಿದರೆ, ಸಂಬಂಧ ಮುಚ್ಚಿಟ್ಟವಳೂ ಅವಳೇ! ಆದರೂ ಹಿಂದೆಗೆಯಲಿಲ್ಲ. ಒಳಗೆ ಹೋಗಿ ಮೈದುನನ ಕೋಣೆಯ ಬಾಗಿಲು ಬಡಿದಳು.

“ಹೊರಗೆ ಬಾ.”

“ಅತ್ತಿಗೆ... ನನ್ನ ಕೈಲಾಗಲ್ಲ!”

“ನಿನ್ನ ತಪ್ಪು ನೀನು ಹೇಳು. ನನ್ನದು ನಾನು ಹೇಳ್ತೀನಿ. ನಡಿ.”

ಸಭೆಯಲ್ಲಿ ಅವನು ತಡವರಿಸುತ್ತ, ಕಣ್ಣೊರೆಸಿಕೊಳ್ಳುತ್ತ, ಒಂದೂ ಬಿಡದೆ ಹೇಳಿದ. ಯಾರೂ ಬೈಯಲಿಲ್ಲ. ಆಮೇಲೆ ಅವಳು ಎದ್ದಳು.

“ನಿಜವಾದ ಸರ್ವರ್, ಪ್ರಯೋಗದ ಸರ್ವರ್, ಎರಡರ ಪರದೆಯೂ ಒಂದೇ ತರಹ ಇರೋಕೆ ಬಿಟ್ಟಿದ್ದು ನಾನು. ಇವನು ನನ್ನ ಮೈದುನ. ಅದನ್ನ ಮುಚ್ಚಿಟ್ಟಿದ್ದೂ ನಾನೇ. ಕಟ್ಟಳೆ ಪ್ರಕಾರ ಮೇಲ್ವಿಚಾರಕಿ ಜಾಗ ಬಿಡ್ತಿದ್ದೀನಿ, ಸಾರ್. ತಂಡದಲ್ಲಿ ಎಲ್ಲರ ಹಾಗೆ ಕೆಲಸ ಮಾಡೋಕೆ ಅವಕಾಶ ಕೊಡಿ.”

ಸಭೆ ನಡೆಸುತ್ತಿದ್ದ ಸಾಹೇಬರು ಆಗಲಿ ಎಂಬಂತೆ ತಲೆಯಾಡಿಸಿದರು. ಬಡ್ತಿಯ ಮಾತನ್ನು ಯಾರೂ ಎತ್ತಲಿಲ್ಲ.

ಸಂಜೆ ಬಾಗಿಲಲ್ಲೇ ಕಾದಿದ್ದ ಅತ್ತೆಗೆ ಮಗನೇ ಹೇಳಿದ. “ಅಮ್ಮಾ, ನನ್ನ ಕೆಲಸ ಉಳೀತು. ಅತ್ತಿಗೆ ತಮ್ಮ ಜಾಗ ಬಿಟ್ಟುಕೊಟ್ರು.” ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಯಾವುದೋ ಆಸ್ಪತ್ರೆಯ ಸರ್ವರ್ ನಿಧಾನವಾಗಿತ್ತು. ಲ್ಯಾಪ್‌ಟಾಪ್ ತೆರೆದವನು ಒಂದು ಕೀಲಿಯನ್ನೂ ಒತ್ತದೆ ಅತ್ತಿಗೆಯ ಕಡೆ ನೋಡಿದ.

“ನೀನೇ ನೋಡಬಾರದೇನೇ?” ಅತ್ತೆಯ ದನಿಯಲ್ಲಿ ಬೆಳಗಿನ ಖಾರವಿರಲಿಲ್ಲ.

“ಅವನೇ ನೋಡಲಿ, ಅತ್ತೆ. ನಾನು ಪಕ್ಕದಲ್ಲಿರ್ತೀನಿ.”

ಅತ್ತೆ ಸೊಸೆಯ ಬಾಡಿದ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಒಳಗಿನಿಂದ ಒಂದು ಕುರ್ಚಿ ತಂದು ಮಗನ ಪಕ್ಕದಲ್ಲಿ ಹಾಕಿ, ಸೆರಗಿನಿಂದ ಧೂಳು ಒರೆಸಿದರು.

“ಕೂತ್ಕೋ, ಮಗಳೇ.”