ತಂತಿಹಗ್ಗದ ಒಂದು ಗೇಣು

ಸೋಮವಾರ ಬೆಳಗ್ಗೆ ೯.೪೦ಕ್ಕೆ ದೂರು ಠಾಣೆಗೆ ಬಂತು. ಕೊಟ್ಟವಳು ಗಾಜು ಒರೆಸುವವನ ಹೆಂಡತಿ. ಅವನು ಹಿಂದಿನ ದಿನ ಹನ್ನೊಂದನೇ ಮಹಡಿಯಿಂದ, ಹಗ್ಗದಲ್ಲಿ ಇಳಿಬಿಟ್ಟ ಕೆಲಸದ ತೊಟ್ಟಿಲ ಸಮೇತ ಬಿದ್ದು ಸತ್ತಿದ್ದ. ಅವಳ ಹಿಂದೆ ನಿಂತಿದ್ದವನು ಅವಳ ಅಣ್ಣ, ಅದೇ ಕಟ್ಟಡದ ಹಗ್ಗದ ಮೇಸ್ತ್ರಿ.

"ಕುಡಿದು ಕುಣಿದಾಡಿದ, ಹಗ್ಗ ಹರೀತು ಅಂತಾರೆ ಸಾರ್. ನಮ್ಮೋರು ಕುಡಿಯೋರಲ್ಲ. ಸತ್ತ ಮೇಲೂ ಆ ಕಳಂಕ ಯಾಕೆ?"

"ಯಾರು ಹಾಗಂದೋರು?"

"ಎಲ್ಲಾರೂ."

ಮೇಸ್ತ್ರಿ ನೆಲ ನೋಡುತ್ತಿದ್ದ.

ಎಫ್‌ಐಆರ್ ದಾಖಲಿಸಿ, ೧೧.೧೫ಕ್ಕೆ ಇನ್‌ಸ್ಪೆಕ್ಟರ್ ದಫೇದಾರನೊಂದಿಗೆ ತಾರಸಿ ಹತ್ತಿದರು. ತೊಟ್ಟಿಲು ತೂಗಿದ್ದದ್ದು ಕಿರುಬೆರಳಿನಷ್ಟೇ ದಪ್ಪದ ಉಕ್ಕಿನ ತಂತಿಹಗ್ಗ. ಹರಿದ ತುದಿಯ ಬಳಿ ಒಂದು ಗೇಣು ಮಾತ್ರ ಎಳೆಗಳು ಚಪ್ಪಟೆಯಾಗಿದ್ದವು, ಅಲ್ಲಿಗಷ್ಟೇ ಹೊಸ ಗ್ರೀಸು ಮೆತ್ತಿತ್ತು. ಕೆಳಗೆ ಇನ್ನೊಂದು ಖಾಲಿ ತೊಟ್ಟಿಲು ಗಾಳಿಗೆ ಗೋಡೆ ಬಡಿಯುತ್ತಿತ್ತು. ಇನ್‌ಸ್ಪೆಕ್ಟರ್ ಮೇಸ್ತ್ರಿಯನ್ನು ಕರೆಸಿದರು.

"ಇಷ್ಟು ಸಣ್ಣ ಹಗ್ಗ, ಭಾರ ತಡೆಯುತ್ತಾ?"

"ಭಾರಕ್ಕೆ ಹೆದರಲ್ಲ ಸಾರ್, ಸಡಿಲಕ್ಕೆ ಹೆದರುತ್ತೆ. ಬಿಗಿ ಇರೋವರೆಗೆ ಒಳಗಿನ ತಿರುಚು ತೆಪ್ಪಗಿರುತ್ತೆ. ಸಡಿಲ ಬಿಟ್ರೆ ತಾನೇ ಕುಣಿಕೆ ಹಾಕ್ಕೊಳ್ಳುತ್ತೆ. ಹಾಗೇ ಎಳೆದ್ರೆ ಒಳಗೇ ಮುರಿಯುತ್ತೆ."

"ಆಗ?"

"ಕತ್ತರಿಸಿ ಬಿಸಾಡಬೇಕು."

"ಸುತ್ತಿಗೇಲಿ ತಟ್ಟಿ ನೇರ ಮಾಡಲ್ವಾ?"

"ಅದು ನಾನ್ ಮಾಡಿದ್ದಲ್ಲ."

ಯಾರು ಮಾಡಿದ್ದೆಂದು ಕೇಳಿದವರೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

ಅವನ ಪೆಟ್ಟಿಗೆಯ ಸುತ್ತಿಗೆ ಆ ಚಪ್ಪಟೆ ಗುರುತಿಗೆ ಸರಿಯಾಗಿ ಕೂತಿತು. ಪಂಚನಾಮೆಯಲ್ಲಿ ಅದನ್ನೂ ಬರೆದರು. ಮರಣೋತ್ತರ ವರದಿಯಲ್ಲಿ ಮದ್ಯದ ಸುಳಿವಿರಲಿಲ್ಲ. ೨.೧೦ಕ್ಕೆ ಅದೇ ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದವನು ಹೇಳಿಕೆ ಕೊಟ್ಟ:

"ನಿನ್ನೆ ಮೇಸ್ತ್ರಿ ಕೈಯಲ್ಲೇ ಹಗ್ಗ ಸಡಿಲಾಗಿ ಕುಣಿಕೆ ಬಿತ್ತು. 'ಭಾವ, ಕತ್ತರಿಸೋಣ' ಅಂದ ಅವನು. 'ನನಗೇ ಪಾಠ ಹೇಳ್ತೀಯಾ? ಹೆದರಿಕೆ ಇದ್ರೆ ಮನೇಲಿ ಕೂತ್ಕೋ' ಅಂತ ಮೇಸ್ತ್ರಿ ಸುತ್ತಿಗೇಲಿ ತಟ್ಟಿ ಗ್ರೀಸು ಮೆತ್ತಿದ್ರು. ಅಷ್ಟು ಜನರೆದುರು ಇನ್ನೇನ್ ಮಾಡ್ತಾನೆ, ತೊಟ್ಟಿಲು ಹತ್ತಿದ."

೪.೩೦ಕ್ಕೆ ಮೇಸ್ತ್ರಿಯ ಬಂಧನ.

"ಮೂವತ್ತೊಂದು ವರ್ಷ ಸಾರ್," ಅಂದ. "ನನ್ನ ತಪ್ಪಿಂದ ಒಂದು ಹಗ್ಗಾನೂ ಕತ್ತರಿಸಬೇಕಾಗಿ ಬಂದಿರಲಿಲ್ಲ, ಅಷ್ಟು ಜನರೆದುರು ಹೇಗೆ ಕತ್ತರಿಸಲಿ?"

"ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ," ಎಂದು ದಫೇದಾರ ಗೊಣಗಿದ.

ತಂಗಿ ಬಾಗಿಲಲ್ಲಿ ನಿಂತಿದ್ದಳು. "ಕುಡಿದಿದ್ದ ಅಂತ ಹಬ್ಬಿಸಿದ್ದು ನೀನೇನಾ ಅಣ್ಣ?"

"ಹೂಂ."

ಅವಳು ಅಳಲಿಲ್ಲ. ಇನ್‌ಸ್ಪೆಕ್ಟರ್ ಕಡೆ ತಿರುಗಿ, "ಒಂದು ಮಾತು ಸೇರಿಸಿ ಸಾರ್," ಅಂದಳು. "ಕತ್ತರಿಸೋಣ ಅಂತ ನಮ್ಮೋರು ಹೇಳಿದ್ರು ಅಂತ."

ಇನ್‌ಸ್ಪೆಕ್ಟರ್ ಹಾಗೇ ಬರೆದು, ಅವಳಿಗೆ ಎರಡು ಸಲ ಓದಿ ಹೇಳಿದರು.